ಮೂರು ತೊಲ ಅಂದರೆ ಎಷ್ಟು ಗ್ರಾಂ? ಹಳೇ ತೂಕವನ್ನು ಇಂದಿನ ಲೆಕ್ಕಕ್ಕೆ ತರುವ ಬಗೆ

ನಮ್ಮ ಪಕ್ಕದ ಮನೆಯಲ್ಲಿ ಧಾರವಾಡ ಕಡೆಯ ಕಾಕು ಒಬ್ಬರಿದ್ದಾರೆ. 2025ರಲ್ಲಿ ಹತ್ತು ಗ್ರಾಂ ಚಿನ್ನ ಒಂದು ಲಕ್ಷ ರೂಪಾಯಿ ದಾಟಿದಾಗ ಅವರೂ ಕಪಾಟಿನಲ್ಲಿದ್ದ ಹಳೇ ಸರವನ್ನು ಹೊರಗೆ ತೆಗೆದರು. ಮಾರುವ ಯೋಚನೆ ಇರಲಿಲ್ಲ. ಮೂವರು ಮಕ್ಕಳಿಗೆ ಸಮನಾಗಿ ಹಂಚಬೇಕು, ಅದಕ್ಕೆ ಮೊದಲು ತೂಕ ತಿಳಿಯಬೇಕು, ಅಷ್ಟೇ. ಅಂಗಡಿಯ ತಕ್ಕಡಿ 35.10 ಗ್ರಾಂ ತೋರಿಸಿತು. ಸರದ ಜೊತೆ ಅವರ ಅತ್ತೆ ಜೋಪಾನವಾಗಿ ಇಟ್ಟಿದ್ದ ಪತ್ತಾರರ, ಅಂದರೆ ಅಕ್ಕಸಾಲಿಗರ, ಚೀಟಿಯೂ ಇತ್ತು. 1955ನೇ ಇಸವಿಯದು. ಅದರಲ್ಲಿ "3 ತೊಲಿ 6 ಗುಂಜಿ" ಎಂದು ಬರೆದಿತ್ತು.

ಕಾಕು ಎರಡನ್ನೂ ಹಿಡಿದುಕೊಂಡು ನಮ್ಮ ಮನೆಗೆ ಬಂದರು. "ತೊಲಿ ಅಂದ್ರ ಹತ್ತು ಗ್ರಾಂ ಅಲ್ಲೇನು? ಮೂರು ತೊಲಿ ಅಂದ್ರ ಮೂವತ್ತಾತು. ಮತ್ತ ಸರ ಮೂವತ್ತೈದು ತೂಗ್ತದ. ಐದು ಗ್ರಾಂ ಎಲ್ಲಿಂದ ಬಂತು?"

ಈ ಪ್ರಶ್ನೆ ಕಾಕು ಒಬ್ಬರದಲ್ಲ. ಚಿನ್ನದ ಬೆಲೆ ಏರಿದ ಮೇಲೆ ಎಷ್ಟೋ ಮನೆಗಳಲ್ಲಿ ಹಳೇ ಒಡವೆ, ಹಳೇ ಚೀಟಿ ಹೊರಗೆ ಬಂದಿವೆ. ಟಿವಿಯಲ್ಲಿ ಔನ್ಸ್ ಲೆಕ್ಕ, ಅಂಗಡಿಯಲ್ಲಿ ಗ್ರಾಂ ಲೆಕ್ಕ, ಮನೆಯ ಹಿರಿಯರ ಬಾಯಲ್ಲಿ ತೊಲ, ಕರಾವಳಿಯವರ ಬಾಯಲ್ಲಿ ಪವನು. ಇವೆಲ್ಲ ಒಂದಕ್ಕೊಂದು ಹೇಗೆ ಹೊಂದುತ್ತವೆ ಎಂದು ಬುಡದಿಂದಲೇ ನೋಡೋಣ.

ತೂಗುವುದು ಎಂದರೇನು

ತೂಗುವುದು ಎಂದರೆ ಹೋಲಿಸುವುದು. ತಕ್ಕಡಿಯ ಒಂದು ತಟ್ಟೆಯಲ್ಲಿ ನಮ್ಮ ವಸ್ತು, ಇನ್ನೊಂದರಲ್ಲಿ ಎಲ್ಲರೂ ಒಪ್ಪಿದ ಒಂದು ಕಲ್ಲು. ಆ ಕಲ್ಲು ಬೀಜವಾಗಿರಬಹುದು, ನಾಣ್ಯವಾಗಿರಬಹುದು, ಲೋಹದ ಬೊಟ್ಟಾಗಿರಬಹುದು. ಒಂದು ಊರಿನವರು ಒಂದು ಕಲ್ಲನ್ನು ಒಪ್ಪಿದರೆ ಅವರ ವ್ಯಾಪಾರ ಸಲೀಸಾಗಿ ನಡೆಯುತ್ತದೆ. ಪಕ್ಕದ ಊರಿನವರು ಬೇರೆ ಕಲ್ಲು ಇಟ್ಟುಕೊಂಡಿದ್ದಾಗ ಮಾತ್ರ ತೊಡಕು. ಆಗ ಒಂದು ಕಲ್ಲು ಇನ್ನೊಂದರ ಎಷ್ಟು ಪಾಲು ಎಂದು ತಿಳಿಯಬೇಕಾಗುತ್ತದೆ. ತೂಕದ ಪರಿವರ್ತನೆ ಎಂದರೆ ಇಷ್ಟೇ. ವಸ್ತು ಬದಲಾಗುವುದಿಲ್ಲ, ಹೋಲಿಸುವ ಕಲ್ಲು ಬದಲಾಗುತ್ತದೆ.

ಈಗ ಲೋಕವೆಲ್ಲ ಒಪ್ಪಿರುವ ಕಲ್ಲು ಕಿಲೋಗ್ರಾಂ. 1889ರಿಂದ 2019ರವರೆಗೆ ಅದು ನಿಜವಾಗಿಯೂ ಒಂದು ಲೋಹದ ಬೊಟ್ಟೇ ಆಗಿತ್ತು. ಪ್ಲಾಟಿನಂ ಮತ್ತು ಇರಿಡಿಯಂ ಬೆರೆಸಿ ಮಾಡಿದ ಆ ಬೊಟ್ಟನ್ನು ಪ್ಯಾರಿಸ್ ಹತ್ತಿರದ ಸೆವ್ರ್‌ನಲ್ಲಿ ಇಟ್ಟಿದ್ದಾರೆ. ಅದರ 57ನೇ ನಕಲು ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿದೆ. 2019ರ ಮೇ 20ರಿಂದ ಕಿಲೋಗ್ರಾಂ ಎಂದರೆ ಎಷ್ಟು ಎಂಬುದನ್ನು ಬೊಟ್ಟಿನ ಬದಲು ಪ್ರಕೃತಿಯ ಒಂದು ಸ್ಥಿರ ಸಂಖ್ಯೆಯ ಮೇಲೆ ನಿಲ್ಲಿಸಲಾಗಿದೆ. ನಮ್ಮ ಅಂಗಡಿಯ ಅರ್ಧ ಕಿಲೋ ಸಕ್ಕರೆಗೆ ಇದರಿಂದ ಏನೂ ವ್ಯತ್ಯಾಸ ಆಗಿಲ್ಲ.

ಕಿಲೋ ಲೆಕ್ಕದ ಸುಖ ಇರುವುದು ಹತ್ತರಲ್ಲಿ. ಸಾವಿರ ಗ್ರಾಂ ಒಂದು ಕಿಲೋ, ನೂರು ಕಿಲೋ ಒಂದು ಕ್ವಿಂಟಲ್, ಸಾವಿರ ಕಿಲೋ ಒಂದು ಟನ್. ಸೊನ್ನೆ ಸೇರಿಸಿದರೆ ಅಥವಾ ತೆಗೆದರೆ ಮುಗಿಯಿತು. ಹಳೇ ಲೆಕ್ಕ ಹೀಗಿರಲಿಲ್ಲ. ಅಲ್ಲಿ 8, 12, 16, 40, 80 ಎಲ್ಲವೂ ಬರುತ್ತವೆ. ಅದಕ್ಕೂ ಕಾರಣವಿದೆ. ಸಂತೆಯಲ್ಲಿ ನಿಂತು ಅರ್ಧ, ಕಾಲು, ಅರೆಕಾಲು ಎಂದು ಭಾಗ ಮಾಡುವವರಿಗೆ 16 ಹತ್ತಕ್ಕಿಂತ ಸಲೀಸು. ಹದಿನಾರನ್ನು ಮತ್ತೆ ಮತ್ತೆ ಅರ್ಧ ಮಾಡುತ್ತಾ ಹೋದರೂ ಒಂದರವರೆಗೆ ಚೂರು ಉಳಿಯುವುದಿಲ್ಲ.

ತೊಲ: ಜೇಬಿನ ರೂಪಾಯಿಯೇ ತೂಕದ ಕಲ್ಲು

ಗುಲಗಂಜಿ ನಿಮಗೆ ಗೊತ್ತಿರುತ್ತದೆ. ಕೆಂಪು ಬೀಜ, ತುದಿಗೆ ಕಪ್ಪು ಬೊಟ್ಟು. ಉತ್ತರ ಕರ್ನಾಟಕದಲ್ಲಿ ಗುಂಜಿ, ಹಿಂದಿಯವರ ರತ್ತಿ. ಬೀಜಗಳ ತೂಕ ಒಂದಕ್ಕೊಂದು ಹತ್ತಿರ ಇರುವುದರಿಂದ ಅಕ್ಕಸಾಲಿಗರು ಚಿನ್ನ ತೂಗಲು ಇದನ್ನೇ ಬಳಸಿದರು. 8 ಗುಂಜಿ ಸೇರಿದರೆ ಒಂದು ಮಾಷ. 12 ಮಾಷ ಸೇರಿದರೆ ಒಂದು ತೊಲ. ಅಂದರೆ ಒಂದು ತೊಲಕ್ಕೆ 96 ಗುಂಜಿ.

ಎಷ್ಟೇ ಹತ್ತಿರವಿದ್ದರೂ ಬೀಜ ಬೀಜವೇ. ಬಲಿತದ್ದು, ಬಲಿಯದ್ದು, ಒಣಗಿದ್ದು ಎಲ್ಲ ಇರುತ್ತವೆ. ಹಾಗಾಗಿ ತೊಲವೂ ಊರಿಂದ ಊರಿಗೆ ಚೂರು ಚೂರು ಬದಲಾಗುತ್ತಿತ್ತು. 1833ರಲ್ಲಿ ಕಂಪನಿ ಸರ್ಕಾರ ಇದನ್ನು ಬಿಗಿ ಮಾಡಿತು. ಬೆಳ್ಳಿ ರೂಪಾಯಿಯ ತೂಕ 180 ಗ್ರೇನ್, ಅದೇ ಒಂದು ತೊಲ ಎಂದು ಗೊತ್ತುಮಾಡಿತು. ಗ್ರೇನ್ ಎಂಬುದು ಇಂಗ್ಲಿಷರ ಅತಿ ಸಣ್ಣ ತೂಕ, ಒಂದು ಗ್ರಾಂನ ಸುಮಾರು ಹದಿನೈದನೇ ಒಂದು ಭಾಗ.

ಈ ಏರ್ಪಾಡಿನ ಜಾಣತನ ನೋಡಿ. ರೂಪಾಯಿ ಎಲ್ಲರ ಜೇಬಲ್ಲೂ ಇರುವ ವಸ್ತು. ಕಲ್ಲಿನ ಮೇಲೆ ಅನುಮಾನ ಬಂದರೆ ತಟ್ಟೆಗೆ ರೂಪಾಯಿ ಹಾಕಿ ನೋಡಬಹುದು. ಹಳೇ ಬರಹಗಳಲ್ಲಿ "24 ರೂಪಾಯಿ ತೂಕ" ಎಂಬ ಮಾತು ಬರುತ್ತದಲ್ಲ, ಅದು ಬೆಲೆಯ ಮಾತಲ್ಲ. 24 ತೊಲ ಎಂದು ಅರ್ಥ.

180 ಗ್ರೇನ್ ಅನ್ನು ಗ್ರಾಂಗೆ ತಂದರೆ 11.6638 ಬರುತ್ತದೆ. ಇದೇ ನಿಜವಾದ ತೊಲ. ಇದನ್ನು 96ರಿಂದ ಭಾಗಿಸಿದರೆ ಒಂದು ಗುಂಜಿ 0.1215 ಗ್ರಾಂ.

ಹಾಗಾದರೆ ಕಾಕು ಹೇಳಿದ ಹತ್ತು ಗ್ರಾಂ ತೊಲ ಎಲ್ಲಿಂದ ಬಂತು? ಗ್ರಾಂ ಲೆಕ್ಕ ಬಂದ ಮೇಲೆ ಚಿನ್ನದ ದರವನ್ನು ಹತ್ತು ಗ್ರಾಂಗೆ ಇಷ್ಟು ಎಂದು ಹೇಳುವುದು ರೂಢಿಯಾಯಿತು. ಜನರ ಬಾಯಲ್ಲಿ ತೊಲ ಎಂಬ ಮಾತು ಉಳಿದಿತ್ತು. ಹತ್ತು ಗ್ರಾಂ ತೊಲಕ್ಕೆ ಹತ್ತಿರವೂ ಇತ್ತು, ಲೆಕ್ಕಕ್ಕೆ ಸುಲಭವೂ ಆಗಿತ್ತು. ಹಾಗಾಗಿ ಹಳೇ ಹೆಸರು ಹೊಸ ತೂಕದ ಮೇಲೆ ಕೂತುಬಿಟ್ಟಿತು. ಇವತ್ತು ಮದುವೆ ಮಾತುಕತೆಯಲ್ಲಿ ಯಾರಾದರೂ "ಐದು ತೊಲ ಹಾಕ್ತೀವಿ" ಎಂದರೆ ಸಾಮಾನ್ಯವಾಗಿ ಐವತ್ತು ಗ್ರಾಂ ಎಂದೇ ಅರ್ಥ. 1955ರ ಚೀಟಿಯಲ್ಲಿ ಐದು ತೊಲ ಎಂದಿದ್ದರೆ 58 ಗ್ರಾಂ ಮೇಲೆ.

ಎರಡು ತೊಲಗಳ ನಡುವೆ 1.66 ಗ್ರಾಂ ವ್ಯತ್ಯಾಸ. ಲೆಕ್ಕಕ್ಕೆ ಗ್ರಾಂಗೆ 10,000 ರೂಪಾಯಿ ಇಟ್ಟುಕೊಂಡರೂ ಒಂದು ತೊಲದಲ್ಲಿ ಹದಿನಾರೂವರೆ ಸಾವಿರದ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಅಣ್ಣ ತಮ್ಮಂದಿರ ಪಾಲಿನ ಪತ್ರದಲ್ಲಿ ಸುಮ್ನೆ "ತೊಲ" ಎಂದು ಬರೆದು ಬಿಡಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಪಕ್ಕದಲ್ಲಿ ಗ್ರಾಂ ಬರೆಯಿರಿ.

ನೆನಪಿಟ್ಟುಕೊಳ್ಳಲು ಒಂದು ಸುಲಭ ಜೋಡಿ ಇದೆ. 3 ಹಳೇ ತೊಲ ಅಂದರೆ 35 ಗ್ರಾಂ. ಸರಿಯಾಗಿ ಹೇಳಬೇಕೆಂದರೆ 34.99. ಇದೊಂದು ತಲೆಯಲ್ಲಿದ್ದರೆ ಉಳಿದದ್ದನ್ನು ಕೂಡಿಸಿ ಕಳೆದು ಮಾಡಿಕೊಳ್ಳಬಹುದು.

ಪವನು, ಔನ್ಸ್ ಮತ್ತು ಎರಡು ಕ್ಯಾರೆಟ್

ಮಂಗಳೂರು, ಉಡುಪಿ ಕಡೆ ಚಿನ್ನದ ಮಾತು ಪವನಿನಲ್ಲಿ ನಡೆಯುತ್ತದೆ. ಇದು ಇಂಗ್ಲೆಂಡಿನ ಸವರನ್ ಚಿನ್ನದ ನಾಣ್ಯದಿಂದ ಬಂದ ಅಳತೆ. ಆ ನಾಣ್ಯ 7.988 ಗ್ರಾಂ ತೂಗುತ್ತದೆ. ವ್ಯವಹಾರದಲ್ಲಿ ಅದನ್ನು 8 ಗ್ರಾಂ ಮಾಡಿಕೊಂಡಿದ್ದಾರೆ. ಇಲ್ಲಿ ಗೊಂದಲ ಕಡಿಮೆ. ಹಳೇ ಪವನಿಗೂ ಹೊಸ ಪವನಿಗೂ ಒಂದು ಗ್ರಾಂನ ನೂರನೇ ಒಂದು ಪಾಲಿನಷ್ಟೇ ಅಂತರ.

ಔನ್ಸ್‌ನಲ್ಲಿ ಗೊಂದಲ ಜಾಸ್ತಿ. 2025ರ ಅಕ್ಟೋಬರ್‌ನಲ್ಲಿ ಚಿನ್ನ ಔನ್ಸ್‌ಗೆ 4,000 ಡಾಲರ್ ದಾಟಿತು ಎಂದು ಸುದ್ದಿ ಬಂತಲ್ಲ, ಆ ಔನ್ಸ್‌ನ ಪೂರ್ತಿ ಹೆಸರು ಟ್ರಾಯ್ ಔನ್ಸ್. ಅದು 31.1035 ಗ್ರಾಂ. ಅಮೆರಿಕದ ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೆ ಇರುವ ಔನ್ಸ್ ಬೇರೆ. ಅದು 28.35 ಗ್ರಾಂ. ಹೆಸರು ಒಂದೇ, ಕಲ್ಲು ಎರಡು. ಮೊಬೈಲಿನಲ್ಲಿ ಸುಮ್ನೆ "ಔನ್ಸ್‌ನಿಂದ ಗ್ರಾಂ" ಎಂದು ಹುಡುಕಿದರೆ ಸಾಮಾನ್ಯವಾಗಿ ಬಿಸ್ಕತ್ತಿನ ಔನ್ಸ್‌ನ ಉತ್ತರವೇ ಬರುತ್ತದೆ. ಚಿನ್ನಕ್ಕೆ ಅದನ್ನು ಹಾಕಿದರೆ ಲೆಕ್ಕ ಸುಮಾರು ನೂರಕ್ಕೆ ಹತ್ತರಷ್ಟು ತಪ್ಪುತ್ತದೆ.

4,000ವನ್ನು 31.1035ರಿಂದ ಭಾಗಿಸಿದರೆ ಗ್ರಾಂಗೆ ಸುಮಾರು 128.60 ಡಾಲರ್. ಇದನ್ನು ಆ ದಿನದ ಡಾಲರ್ ದರದಿಂದ ಗುಣಿಸಿದರೆ ರೂಪಾಯಿ ಬರುತ್ತದೆ. ಆದರೂ ನಮ್ಮ ಅಂಗಡಿಯ ಬೆಲೆಗೆ ಅದು ಹೊಂದುವುದಿಲ್ಲ. ಆಮದು ಸುಂಕ, ಜಿಎಸ್‌ಟಿ, ಮಜೂರಿ ಸೇರಬೇಕು. ಆ ದರ ಅಪ್ಪಟ ಚಿನ್ನದ್ದು ಎಂಬುದೂ ನೆನಪಿರಲಿ.

ತೊಲಕ್ಕೂ ಟ್ರಾಯ್ ಔನ್ಸ್‌ಗೂ ಒಂದು ಅಚ್ಚುಕಟ್ಟಾದ ನಂಟಿದೆ. ಟ್ರಾಯ್ ಔನ್ಸ್ ಎಂದರೆ 480 ಗ್ರೇನ್, ತೊಲ ಎಂದರೆ 180 ಗ್ರೇನ್. ಹಾಗಾಗಿ 8 ತೊಲಕ್ಕೆ ಸರಿಯಾಗಿ 3 ಔನ್ಸ್. ಒಂದು ಚೂರೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇನ್ನು ಕ್ಯಾರೆಟ್. ಹರಳಿನ ಕ್ಯಾರೆಟ್ ತೂಕ, ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ. ಚಿನ್ನದ ಕ್ಯಾರೆಟ್ ತೂಕವೇ ಅಲ್ಲ, ಅದು ಶುದ್ಧತೆ. 24 ಪಾಲಿನಲ್ಲಿ 22 ಪಾಲು ಚಿನ್ನವಿದ್ದರೆ 22 ಕ್ಯಾರೆಟ್. ನೂರಕ್ಕೆ 91.6 ಆಗುವುದರಿಂದ ಒಡವೆಯ ಮೇಲೆ 916 ಎಂದು ಒತ್ತಿರುತ್ತಾರೆ. ಅಮೆರಿಕದವರು ಎರಡಕ್ಕೂ ಬೇರೆ ಬೇರೆ ಅಕ್ಷರ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ಎರಡೂ ಒಂದೇ ಥರ ಬರೆಯುತ್ತೇವೆ, ಅದಕ್ಕೇ ಗೊಂದಲ.

ಯಾವ ಸೇರು? ಯಾವ ಮಣ?

ಚಿನ್ನದಿಂದ ಬೆಲ್ಲದ ಕಡೆ ಬಂದರೆ ಲೆಕ್ಕ ಇನ್ನಷ್ಟು ಸ್ವಾರಸ್ಯವಾಗುತ್ತದೆ.

ಬ್ರಿಟಿಷ್ ಸರ್ಕಾರದ ಪುಸ್ತಕದ ಲೆಕ್ಕ ಹೀಗಿತ್ತು: 5 ತೊಲ ಒಂದು ಚಟಾಕು, 16 ಚಟಾಕು ಒಂದು ಸೇರು, 40 ಸೇರು ಒಂದು ಮಣ. ತೊಲದ ತೂಕ ನಮಗೆ ಗೊತ್ತು. ಹಾಗಾಗಿ ಉಳಿದದ್ದು ಗುಣಾಕಾರ ಅಷ್ಟೇ. ಚಟಾಕು 58.3 ಗ್ರಾಂ. ಸೇರು 80 ತೊಲ, ಅಂದರೆ 933 ಗ್ರಾಂ. ಮಣ 37.32 ಕಿಲೋ. ಇಲ್ಲೂ ಎರಡು ಸುಲಭ ಜೋಡಿಗಳಿವೆ. 15 ಸೇರಿಗೆ 14 ಕಿಲೋ. 3 ಮಣಕ್ಕೆ 112 ಕಿಲೋ. ಎರಡರಲ್ಲೂ ವ್ಯತ್ಯಾಸ ಲೆಕ್ಕಕ್ಕೆ ಬಾರದಷ್ಟು ಸಣ್ಣದು.

ಇಷ್ಟು ಓದಿ ನಿಮ್ಮ ತಾತನ ಲೆಕ್ಕದ ಪುಸ್ತಕ ತೆಗೆದು "ಬೆಲ್ಲ 10 ಮಣ" ಎಂಬುದಕ್ಕೆ 373 ಕಿಲೋ ಎಂದು ಬರೆದುಬಿಡಬೇಡಿ. ಆ ಮಣ ಬಹುಶಃ ಈ ಮಣ ಅಲ್ಲ.

37 ಕಿಲೋದ ಮಣ ಉತ್ತರ ಭಾರತದ್ದು, ಬಂಗಾಳದ್ದು. ಮದ್ರಾಸಿನ ಮಣ 25 ಪೌಂಡ್, ಅಂದರೆ ಸುಮಾರು 11.3 ಕಿಲೋ. ಮುಂಬೈಯ ಮಣ 28 ಪೌಂಡ್, ಸುಮಾರು 12.7 ಕಿಲೋ. ಹಳೇ ಮೈಸೂರಿನಲ್ಲಿ 24 ರೂಪಾಯಿ ತೂಕದ ಕಚ್ಚಾ ಸೇರು ಇತ್ತು. ಅದು ಬರೀ 280 ಗ್ರಾಂ. ಅಂಥ 40 ಸೇರು ಸೇರಿದರೆ ಮಣ ಹನ್ನೊಂದು ಕಿಲೋ ಮೇಲೆ ಸ್ವಲ್ಪ. ಕೆಲವು ಕಡೆ ಮಣಕ್ಕೆ 44 ಸೇರು ಹಿಡಿಯುತ್ತಿದ್ದರು, ಆಗ ಮಣ 12.3 ಕಿಲೋ. ದೊಡ್ಡ ಸೇರಿಗೆ ಪಕ್ಕಾ ಸೇರು ಎನ್ನುತ್ತಿದ್ದರು. ಹೀಗೆ ಒಂದೇ ಹೆಸರಿನ ಎರಡು ತೂಕಗಳಲ್ಲಿ ಒಂದು ಇನ್ನೊಂದರ ಮೂರು ಪಟ್ಟಿಗಿಂತ ಜಾಸ್ತಿ ಇರಬಹುದು.

ಕರ್ನಾಟಕದ ಮಟ್ಟಿಗೆ ಇದು ಹೀಗಾದದ್ದು ಸಹಜವೇ. ಧಾರವಾಡ, ಬೆಳಗಾವಿ, ಬಿಜಾಪುರ ಮುಂಬೈ ಪ್ರಾಂತ್ಯದಲ್ಲಿದ್ದವು. ಮಂಗಳೂರು, ಬಳ್ಳಾರಿ ಮದ್ರಾಸಿನ ಕೈಯಲ್ಲಿದ್ದವು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿದ್ದವು. ಕೊಡಗು ಬೇರೆ, ಮೈಸೂರು ಬೇರೆ. ಕನ್ನಡದವರೆಲ್ಲ "ಮಣ" ಎನ್ನುತ್ತಿದ್ದರು, ಆದರೆ ಎಲ್ಲರ ಕಲ್ಲೂ ಒಂದೇ ಆಗಿರಲಿಲ್ಲ. ಹಾಗಾಗಿ ಹಳೇ ಕಾಗದ ಸಿಕ್ಕಾಗ ಲೆಕ್ಕಕ್ಕೆ ಕೂರುವ ಮೊದಲು ಮೂರು ವಿಷಯ ನೋಡಬೇಕು. ಯಾವ ಊರಿನದು, ಯಾವ ವರ್ಷದ್ದು, ಯಾವ ವಸ್ತುವಿನದು. ಸಂಖ್ಯೆಯಿಂದ ಗುಣಿಸುವುದು ಕೊನೆಯ ಕೆಲಸ, ಮತ್ತು ಅದು ಅತಿ ಸುಲಭದ ಕೆಲಸ.

"ಸೇರಿಗೆ ಸವಾಸೇರು" ಎಂಬ ಮಾತು ನಾವು ಇಂದಿಗೂ ಆಡುತ್ತೇವೆ. ಒಂದು ಸೇರಿಗೆ ಎದುರಾಗಿ ಒಂದೂಕಾಲು ಸೇರು. ಆಡುವ ಬಹುತೇಕ ಮಂದಿ ಸೇರಿನಲ್ಲಿ ಏನನ್ನೂ ತೂಗಿಸಿಕೊಂಡಿಲ್ಲ. ಮಾತು ಮಾತ್ರ ಹಾಗೇ ಉಳಿದಿದೆ.

ಅಳೆಯುವ ಸೇರು ಬೇರೆ, ತೂಗುವ ಸೇರು ಬೇರೆ

ಮದುಮಗಳು ಗಂಡನ ಮನೆಯ ಹೊಸಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಒದ್ದು ಒಳಗೆ ಬರುತ್ತಾಳಲ್ಲ, ಆ ಸೇರು ತೂಕದ ಕಲ್ಲಲ್ಲ. ಅದು ಪಾತ್ರೆ. ಅದು ತೋರಿಸುವುದು ಎಷ್ಟು ಜಾಗ ತುಂಬಿತು ಎಂಬುದನ್ನು. ಸೇರು, ಅಚ್ಚೇರು, ಪಾವು, ಚಟಾಕು ಎಂಬ ಹೆಸರುಗಳು ಪಾತ್ರೆಗೂ ಇವೆ, ತೂಕಕ್ಕೂ ಇವೆ. ಕೊಳಗ, ಖಂಡುಗ ಹೆಚ್ಚಾಗಿ ಅಳತೆಯವು. "ಎರಡು ಖಂಡುಗ ಗದ್ದೆ" ಎಂದರೆ ಎರಡು ಖಂಡುಗ ಬಿತ್ತನೆ ಹಿಡಿಯುವಷ್ಟು ನೆಲ.

ಪಾತ್ರೆಯ ಅಳತೆಯನ್ನು ತೂಕಕ್ಕೆ ತರಲು ಒಂದೇ ಸಂಖ್ಯೆ ಸಾಲದು. ಯಾಕೆಂದರೆ ಪಾತ್ರೆಯೊಳಗೆ ಏನಿದೆ ಎಂಬುದರ ಮೇಲೆ ತೂಕ ನಿಲ್ಲುತ್ತದೆ. ಒಂದು ಲೀಟರ್ ನೀರು ಒಂದು ಕಿಲೋ. ಅಡುಗೆ ಎಣ್ಣೆಯ ಒಂದು ಲೀಟರ್ ಪ್ಯಾಕೆಟ್ ತಿರುಗಿಸಿ ನೋಡಿ, ಸಾಮಾನ್ಯವಾಗಿ 910 ಗ್ರಾಂ ಎಂದು ಬರೆದಿರುತ್ತದೆ. ಮೋಸ ಏನೂ ಇಲ್ಲ, ಎಣ್ಣೆ ನೀರಿಗಿಂತ ಹಗುರ. ಅದೇ ಪಾತ್ರೆಗೆ ಅಕ್ಕಿ ತುಂಬಿದರೆ ಸುಮಾರು 800 ಗ್ರಾಂ. ಅವಲಕ್ಕಿ ಹಾಕಿದರೆ ಅದಕ್ಕಿಂತ ಬಹಳ ಕಡಿಮೆ. ಮೇಲೆ ಗೋಪುರ ಕಟ್ಟಿ ಅಳೆದರೆ ಒಂದು, ಕೈಯಿಂದ ಸವರಿ ಅಳೆದರೆ ಇನ್ನೊಂದು.

ಅಜ್ಜಿ ಹೇಳಿಕೊಟ್ಟ ಅಡುಗೆಯನ್ನು ಗ್ರಾಂಗೆ ಬರೆದುಕೊಳ್ಳಲು ಹೊರಟವರು ಎಡವುವುದು ಇಲ್ಲೇ. "ಒಂದು ಪಾವು ಅಕ್ಕಿಗೆ ಕಾಲು ಪಾವು ಉದ್ದಿನಬೇಳೆ" ಎಂದರೆ ಅದು ಪಾತ್ರೆಯ ಲೆಕ್ಕ. ಅದನ್ನು ಪಾತ್ರೆಯಲ್ಲೇ ಇಟ್ಟುಕೊಳ್ಳುವುದು ಒಳ್ಳೆಯದು. ಯಾವ ಲೋಟ ಹಿಡಿದರೂ ಒಂದಕ್ಕೆ ಕಾಲು ಎಂಬ ಪ್ರಮಾಣ ಹಾಗೇ ಇರುತ್ತದೆ. ಗ್ರಾಂ ಬೇಕೇ ಬೇಕು ಎಂದಾದರೆ ಮನೆಯ ಪಾವಿನಲ್ಲಿ ಆ ಸಾಮಾನನ್ನೇ ಅಳೆದು ತಕ್ಕಡಿಗೆ ಹಾಕಿ. ಬೇರೆ ದಾರಿ ಇಲ್ಲ.

ಪೌಂಡ್: ಹೊರದೇಶದ ಮಗು, ಚಿಕ್ಕಮಗಳೂರಿನ ಕಾಫಿ

ಅಮೆರಿಕದಲ್ಲಿ ದಿನನಿತ್ಯದ ತೂಕ ಇಂದಿಗೂ ಪೌಂಡ್‌ನಲ್ಲೇ ನಡೆಯುತ್ತದೆ. ಒಂದು ಪೌಂಡ್ ಎಂದರೆ 453.6 ಗ್ರಾಂ, ನಮ್ಮ ಹಿರಿಯರ ಮಾತಿನಲ್ಲಿ ರಾತಲು. ಪೌಂಡ್‌ಗೆ 16 ಔನ್ಸ್.

ಅಲ್ಲಿರುವ ಮಗಳಿಗೆ ಹೆರಿಗೆಯಾಗಿ "ಮಗು ಏಳು ಪೌಂಡ್ ನಾಲ್ಕು ಔನ್ಸ್" ಎಂದು ಸುದ್ದಿ ಬರುತ್ತದೆ. ಇಲ್ಲಿ ಅಜ್ಜಿಗೆ ಕಿಲೋ ಬೇಕು. ಏಳು ಪೌಂಡ್ 3.175 ಕಿಲೋ, ನಾಲ್ಕು ಔನ್ಸ್ 0.113 ಕಿಲೋ, ಒಟ್ಟು 3.29 ಕಿಲೋ. ಇದನ್ನು 7.4 ಪೌಂಡ್ ಎಂದು ಬರೆದು ಗುಣಿಸಿದರೆ 3.36 ಬರುತ್ತದೆ. ಅದು ತಪ್ಪು. ನಾಲ್ಕು ಔನ್ಸ್ ಎಂದರೆ ಹದಿನಾರರಲ್ಲಿ ನಾಲ್ಕು, ಅಂದರೆ ಕಾಲು ಪೌಂಡ್. ಬರೆಯಬೇಕಾದದ್ದು 7.25.

ಮಕ್ಕಳ ಔಷಧಿಯಲ್ಲಂತೂ ಇದನ್ನು ತುಂಬಾ ಜಾಗ್ರತೆಯಿಂದ ನೋಡಬೇಕು. ಔಷಧಿಯ ಪ್ರಮಾಣವನ್ನು ಬಹಳ ಸಲ ಮಗುವಿನ ಕಿಲೋ ತೂಕದ ಮೇಲೆ ಹೇಳುತ್ತಾರೆ. 22 ಪೌಂಡ್ ಇರುವ ಮಗು 10 ಕಿಲೋ ಇರುತ್ತದೆ. ಆ 22ನ್ನೇ ಕಿಲೋ ಎಂದು ಹಿಡಿದರೆ ಔಷಧಿ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ವೈದ್ಯರಿಗೆ ಮಗುವಿನ ತೂಕ ಹೇಳುವಾಗ ಸಂಖ್ಯೆಯ ಜೊತೆ ಕಿಲೋ ಅಥವಾ ಪೌಂಡ್ ಎಂಬ ಮಾತನ್ನೂ ಹೇಳಿ.

ಕಾಫಿ ಬೆಳೆಗಾರರಿಗೆ ಪೌಂಡ್ ಇನ್ನೊಂದು ದಾರಿಯಲ್ಲಿ ಬರುತ್ತದೆ. ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಬೆಲೆಯನ್ನು ಪೌಂಡ್‌ಗೆ ಇಷ್ಟು ಸೆಂಟ್ ಎಂದು ಹೇಳುತ್ತಾರೆ. ಲಂಡನ್ ಪೇಟೆಯಲ್ಲಿ ರೋಬಸ್ಟಾ ಬೆಲೆ ಟನ್‌ಗೆ ಇಷ್ಟು ಡಾಲರ್. ಚಿಕ್ಕಮಗಳೂರು, ಕೊಡಗಿನಲ್ಲಿ 50 ಕಿಲೋ ಮೂಟೆಗೆ ಇಷ್ಟು ರೂಪಾಯಿ. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡ್‌ಗೆ 400 ಸೆಂಟ್ ದಾಟಿತು. ಇದನ್ನು ಮೂಟೆಗೆ ತರೋಣ. 400 ಸೆಂಟ್ ಅಂದರೆ 4 ಡಾಲರ್. ಒಂದು ಕಿಲೋದಲ್ಲಿ 2.2046 ಪೌಂಡ್ ಇರುವುದರಿಂದ ಕಿಲೋಗೆ 8.82 ಡಾಲರ್. 50 ಕಿಲೋಗೆ 441 ಡಾಲರ್.

ಆದರೆ ನ್ಯೂಯಾರ್ಕ್ ದರ ಸಿಪ್ಪೆ ತೆಗೆದ ಹಸಿರು ಬೀಜಕ್ಕೆ. ನಮ್ಮ ಬೆಳೆಗಾರರು ಮಾರುವ ಅರೇಬಿಕಾ ಮೂಟೆಯಲ್ಲಿ ಸಾಮಾನ್ಯವಾಗಿ ಇರುವುದು ಪಾರ್ಚ್‌ಮೆಂಟ್, ಅಂದರೆ ಒಳಸಿಪ್ಪೆ ಇನ್ನೂ ಇರುವ ಬೀಜ. ಅದರ ಸಿಪ್ಪೆ ತೆಗೆದರೆ ಸುಮಾರು ಐದನೇ ಒಂದು ಭಾಗ ತೂಕ ಇಳಿಯುತ್ತದೆ. ತೂಕ ಸರಿಯಾಗಿ ಪರಿವರ್ತಿಸಿದರೂ ವಸ್ತು ಒಂದೇ ಅಲ್ಲದಿದ್ದರೆ ಬೆಲೆ ಹೊಂದುವುದಿಲ್ಲ. ಚಿನ್ನದಲ್ಲಿ 24 ಮತ್ತು 22 ಕ್ಯಾರೆಟ್ ಇದ್ದ ಹಾಗೆಯೇ ಇದೂ.

ಬಾಯಿ ಲೆಕ್ಕಕ್ಕೆ ಒಂದು ಉಪಾಯ. ಕಿಲೋವನ್ನು ಪೌಂಡ್ ಮಾಡಲು ಎರಡು ಪಟ್ಟು ಮಾಡಿ, ಬಂದದ್ದಕ್ಕೆ ಅದರ ಹತ್ತನೇ ಒಂದು ಸೇರಿಸಿ. 10 ಕಿಲೋ ಎಂದರೆ 20, ಮೇಲೆ 2, ಒಟ್ಟು 22. ಪೌಂಡ್ ಅನ್ನು ಕಿಲೋ ಮಾಡಲು ಅರ್ಧ ಮಾಡಿ, ಅದರ ಹತ್ತನೇ ಒಂದು ಕಳೆಯಿರಿ. 50 ಪೌಂಡ್ ಸೂಟ್‌ಕೇಸ್ ಎಂದರೆ 25, ಅದರಲ್ಲಿ ಎರಡೂವರೆ ಹೋದರೆ 22.5. ನಿಜ ತೂಕ 22.68. ವಿಮಾನದಲ್ಲಿ 23 ಕಿಲೋ ಎಂದೂ 50 ಪೌಂಡ್ ಎಂದೂ ಜೋಡಿಯಾಗಿ ಬರೆಯುವುದು ಇದಕ್ಕೇ.

ಗುಣಿಸಬೇಕೋ ಭಾಗಿಸಬೇಕೋ?

ಹೆಚ್ಚಿನವರು ತಡವರಿಸುವುದು ಇಲ್ಲಿ. ಕಲ್ಲು ಸಣ್ಣದಾದರೆ ಸಂಖ್ಯೆ ದೊಡ್ಡದಾಗುತ್ತದೆ. ತೊಲ ದೊಡ್ಡ ಕಲ್ಲು, ಗ್ರಾಂ ಸಣ್ಣ ಕಲ್ಲು. ಹಾಗಾಗಿ ತೊಲವನ್ನು ಗ್ರಾಂ ಮಾಡಿದಾಗ ಸಂಖ್ಯೆ ಏರಲೇಬೇಕು. ಗುಣಿಸಿ. ಗ್ರಾಂನಿಂದ ತೊಲಕ್ಕೆ ಹೋದರೆ ಸಂಖ್ಯೆ ಇಳಿಯಬೇಕು. ಭಾಗಿಸಿ. ನೂರು ರೂಪಾಯಿ ನೋಟಿಗೆ ಹತ್ತರ ಚಿಲ್ಲರೆ ತೆಗೆದುಕೊಂಡರೆ ಕೈಯಲ್ಲಿ ನೋಟು ಜಾಸ್ತಿ ಆಗುತ್ತದೆ, ದುಡ್ಡು ಅಷ್ಟೇ ಇರುತ್ತದೆ, ಅಲ್ವಾ? ಹಾಗೆ.

ದರಕ್ಕೆ ಬಂದಾಗ ಇದು ತಿರುಗುಮುರುಗು. ಒಂದು ತೊಲಕ್ಕೆ ಇರುವ ಬೆಲೆಯಿಂದ ಒಂದು ಗ್ರಾಂ ಬೆಲೆ ಬೇಕೆಂದರೆ ಭಾಗಿಸಬೇಕು. ದೊಡ್ಡ ತುಂಡಿಗಿಂತ ಸಣ್ಣ ತುಂಡಿನ ಬೆಲೆ ಕಡಿಮೆ ಇರಲೇಬೇಕಲ್ಲ. ಉತ್ತರ ಬಂದ ಮೇಲೆ ಇಷ್ಟನ್ನು ಒಮ್ಮೆ ಕೇಳಿಕೊಂಡರೆ ದೊಡ್ಡ ತಪ್ಪುಗಳು ತಾವಾಗಿ ಸಿಕ್ಕಿಬೀಳುತ್ತವೆ.

ದಶಾಂಶವನ್ನು ಕೊನೆಯಲ್ಲೇ ಕತ್ತರಿಸಿ. ಮೊದಲೇ 11.66ನ್ನು 12 ಮಾಡಿಕೊಂಡು ಗುಣಿಸಿದರೆ ಹತ್ತು ತೊಲಕ್ಕೆ ಮೂರು ಗ್ರಾಂ ಮೇಲೆ ತಪ್ಪುತ್ತದೆ.

ನಮ್ಮ ದೇಶ ಕಲ್ಲು ಬದಲಿಸಿದ ಕಾಲ

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ಅದರ ಮರು ತಿಂಗಳೇ, ಡಿಸೆಂಬರ್‌ನಲ್ಲಿ, ದೇಶಕ್ಕೆಲ್ಲ ಒಂದೇ ತೂಕ ಅಳತೆ ತರುವ ಕಾಯ್ದೆ ಆಯಿತು. ನಾನಾ ಕಡೆಯಿಂದ ನಾನಾ ಮಣ ಹೊತ್ತು ಬಂದಿದ್ದ ನಮಗೆ ಇದು ಎಷ್ಟು ಬೇಕಾಗಿತ್ತು ಎಂದು ಮೇಲಿನ ಲೆಕ್ಕ ನೋಡಿದರೆ ತಿಳಿಯುತ್ತದೆ.

ಬದಲಾವಣೆ ಒಂದೇ ದಿನಕ್ಕೆ ಬರಲಿಲ್ಲ. 1957ರ ಏಪ್ರಿಲ್ 1ರಂದು ಮೊದಲು ನಯಾ ಪೈಸೆ ಬಂತು. ಅಲ್ಲಿಯವರೆಗೆ ರೂಪಾಯಿಗೆ ಹದಿನಾರು ಆಣೆ, ಆಮೇಲೆ ನೂರು ಪೈಸೆ. 1958ರ ಅಕ್ಟೋಬರ್‌ನಿಂದ ಕಿಲೋ ಕಲ್ಲುಗಳು ಹಂತ ಹಂತವಾಗಿ ಬಳಕೆಗೆ ಬಂದವು. 1962ರ ಏಪ್ರಿಲ್ ಹೊತ್ತಿಗೆ ವ್ಯಾಪಾರದಲ್ಲಿ ಹಳೇ ತೂಕ ನಿಂತಿತು. ಸಂತೆಗೆ ಹೋಗುವ ಹೆಂಗಸು, ಕಿರಾಣಿ ಅಂಗಡಿಯವರು, ಓದು ಬರಹ ಇಲ್ಲದವರು ಐದು ವರ್ಷದೊಳಗೆ ದುಡ್ಡು ತೂಕ ಎರಡನ್ನೂ ಹೊಸದಾಗಿ ಕಲಿತರು. ಅವರ ಬಗ್ಗೆ ನನಗೆ ತುಂಬಾ ಗೌರವವಿದೆ.

ಈಗ ಇರುವುದು 2009ರ ಕಾನೂನು ಮಾಪನ ಕಾಯ್ದೆ. 2011ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದರ ಪ್ರಕಾರ ದರ ಹೇಳುವುದು, ಬಿಲ್ ಕೊಡುವುದು ಎಲ್ಲ ಮೆಟ್ರಿಕ್ ಲೆಕ್ಕದಲ್ಲೇ ಇರಬೇಕು. ಮಾತಿನಲ್ಲಿ ತೊಲ ಎನ್ನಬಹುದು, ಬಿಲ್ಲಿನಲ್ಲಿ ಗ್ರಾಂ ಇರಲೇಬೇಕು. ತಕ್ಕಡಿಯನ್ನೂ ಕಲ್ಲನ್ನೂ ಇಲಾಖೆ ಕಾಲಕಾಲಕ್ಕೆ ಪರೀಕ್ಷಿಸಿ ಮುದ್ರೆ ಹಾಕಬೇಕು. ಒಡವೆ ತೂಗಿಸುವಾಗ ಆ ಮುದ್ರೆ ಎಲ್ಲಿದೆ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಾಕುವಿನ ಚೀಟಿಗೆ ಉತ್ತರ

ಈಗ ಚೀಟಿಗೆ ಬರೋಣ. ವರ್ಷ 1955. ಗ್ರಾಂ ಲೆಕ್ಕ ಬರುವ ಮೊದಲಿನದು. ಹಾಗಾಗಿ ಅದು ಹತ್ತು ಗ್ರಾಂ ತೊಲ ಆಗಿರಲು ಸಾಧ್ಯವಿಲ್ಲ, 11.66ರ ತೊಲವೇ. ಸರದಲ್ಲಿ ಹರಳಿಲ್ಲ, ಒಳಗೆ ಅರಗಿಲ್ಲ. ಇವೆರಡು ಇದ್ದಿದ್ದರೆ ಅವುಗಳ ತೂಕ ಕಳೆಯಬೇಕಿತ್ತು.

3 ತೊಲಕ್ಕೆ 34.99 ಗ್ರಾಂ. 6 ಗುಂಜಿಗೆ 0.73 ಗ್ರಾಂ. ಒಟ್ಟು 35.72. ತಕ್ಕಡಿ ತೋರಿಸಿದ್ದು 35.10.

"ಕಾಕೂ, ಐದು ಗ್ರಾಂ ಜಾಸ್ತಿ ಬಂದಿಲ್ಲ. 0.62 ಗ್ರಾಂ ಕಡಿಮೆ ಆಗಿದೆ. ನಿಮ್ಮ ಚೀಟಿ ಲೆಕ್ಕದಲ್ಲಿ ಹೇಳಬೇಕೆಂದರೆ ಐದು ಗುಂಜಿ."

ಕಾಕು ಸರವನ್ನು ಅಂಗೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನೋಡಿದರು. ಅವರ ಅತ್ತೆ ಅದನ್ನು ಒಂದು ದಿನವೂ ತೆಗೆದವರಲ್ಲವಂತೆ. ಎರಡು ಕೊಂಡಿ ಕೂಡುವ ಕಡೆ ಚಿನ್ನ ತೆಳ್ಳಗೆ ಸವೆದದ್ದು ಕಣ್ಣಿಗೇ ಕಾಣುತ್ತಿತ್ತು.

ಆಮೇಲೆ ಪಾಲಿನ ಲೆಕ್ಕ ಮಾಡಿದೆವು. 35.10ನ್ನು ಮೂರರಿಂದ ಭಾಗಿಸಿದರೆ 11.70.

"ಅಂದ್ರ ಒಬ್ಬೊಬ್ಬರಿಗೆ ಒಂದೊಂದು ತೊಲಿ," ಎಂದರು ಕಾಕು. "ನಮ್ಮತ್ತೀ ಕಾಲದ ತೊಲಿ."